ಮಂಜುಗಡ್ಡೆಗಿಂತ ತಣ್ಣಗಿರುವ ಆವಿಯನ್ನು ‘ಅತಿತಪ್ತ’ ಎನ್ನಬಹುದೇ?

ಬಲ್ಲವರಿಗೆ ನಮಸ್ಕಾರ. ಬ್ಯಾಡಗಿ ಸುತ್ತಲಿನ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಅಮೋನಿಯಾ ಕುದಿಸಿ ತಂಪು ಮಾಡುವ ಯಂತ್ರ ನೋಡಿಕೊಳ್ಳುವ ಹುಡುಗರಿಗಾಗಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸ್ಯಾಚುರೇಟೆಡ್’ ಎಂಬುದಕ್ಕೆ ಪಠ್ಯಪುಸ್ತಕಗಳ ರೂಢಿಯಂತೆ ‘ಪರ್ಯಾಪ್ತ’ ಎಂದೂ, ‘ಸೂಪರ್‌ಹೀಟೆಡ್’ ಎಂಬುದಕ್ಕೆ ‘ಅತಿತಪ್ತ’ ಎಂದೂ ಬರೆದುಕೊಂಡೆ. ಎರಡೂ ಈಗ ತೊಡಕಾಗಿವೆ.

ಪ್ರತಿಯೊಂದು ಒತ್ತಡಕ್ಕೂ ದ್ರವ ಕುದಿಯುವ ಉಷ್ಣಾಂಶವೊಂದು ಗೊತ್ತಾಗಿರುತ್ತದೆ. ಅಮೋನಿಯಾ 2.9 ಬಾರ್ ಒತ್ತಡದಲ್ಲಿ, ಅಂದರೆ ಗೇಜಿನ ಅಂಕಿಗೆ ಹೊರಗಾಳಿಯ ಒತ್ತಡವನ್ನೂ ಕೂಡಿಸಿದ ಲೆಕ್ಕದಲ್ಲಿ, ಸುಮಾರು ಮೈನಸ್ 10 ಡಿಗ್ರಿಗೆ ಕುದಿಯುತ್ತದೆ. ಆವಿಯನ್ನು ಅಮುಕುವ ಕಂಪ್ರೆಸರ್‌ಗೆ ಹೋಗುವ ಪೈಪಿನಲ್ಲಿ ಅದೇ ಒತ್ತಡವಿದ್ದು ಥರ್ಮಾಮೀಟರು ಮೈನಸ್ 10 ತೋರಿಸಿದರೆ ಆವಿ ಸ್ಯಾಚುರೇಟೆಡ್. ಮೈನಸ್ 4 ತೋರಿಸಿದರೆ 6 ಡಿಗ್ರಿಯಷ್ಟು ಸೂಪರ್‌ಹೀಟೆಡ್. ಹಿಮಗಟ್ಟಿದ ಪೈಪಿನ ಮುಂದೆ ನಿಂತ ಹುಡುಗನಿಗೆ ಒಳಗಿರುವುದು ‘ಅತಿತಪ್ತ’ ಎಂದು ಹೇಳಿದರೆ ಅವನು ಇಡೀ ಕೈಪಿಡಿಯನ್ನೇ ನಂಬಲಿಕ್ಕಿಲ್ಲ. ಇತ್ತ ಬಾಯ್ಲರಿನಲ್ಲಿ 10 ಬಾರ್ ಒತ್ತಡದ, 180 ಡಿಗ್ರಿ ಬಿಸಿಯ ಉಗಿ ಇನ್ನೂ ಸ್ಯಾಚುರೇಟೆಡ್ ಆಗಿಯೇ ಇರುತ್ತದೆ. ಎಷ್ಟು ಬಿಸಿ ಎಂಬ ಪ್ರಶ್ನೆಯೇ ಇಲ್ಲಿಲ್ಲ, ಆ ಒತ್ತಡದ ಕುದಿಮಟ್ಟವನ್ನು ಎಷ್ಟು ದಾಟಿದೆ ಎಂಬುದೇ ಪ್ರಶ್ನೆ. ಆದ್ದರಿಂದ ‘ಅತಿ’ಯೂ ‘ತಪ್ತ’ವೂ ಎರಡೂ ದಾರಿ ತಪ್ಪಿಸುತ್ತವೆ ಎಂಬುದು ನನ್ನ ಅನಿಸಿಕೆ.

‘ಪರ್ಯಾಪ್ತ’ವು ದ್ರಾವಣಕ್ಕೆ ಒಪ್ಪುತ್ತದೆ. ತುಸು ಶಾಖ ತೆಗೆದರೂ ಹನಿಗಟ್ಟತೊಡಗುವ ಆವಿಗೆ, ಸಾಕಷ್ಟು ಎಂಬ ಅರ್ಥದ ಆ ಪದ ಏನನ್ನೂ ತಿಳಿಸುವುದಿಲ್ಲ. ‘ತಣಿದ ಆವಿ’ ಎನ್ನೋಣವೆಂದರೆ, ತಣಿಯುವುದು ಎಂಬುದಕ್ಕೆ ತೃಪ್ತಿಗೊಳ್ಳುವುದು, ತಂಪಾಗುವುದು ಎಂಬ ಎರಡೂ ಅರ್ಥಗಳಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ‘ಒದ್ದೆ ಆವಿ’, ‘ಒಣ ಆವಿ’ ಎಂಬ ಜೋಡಿ ನನಗೆ ಬಹಳ ಹಿಡಿಸಿತ್ತು. ಆದರೆ ಕುದಿಮಟ್ಟದಲ್ಲಿರುವ ಆವಿಯಲ್ಲಿ ಹನಿ ಬೆರೆತಿರಲೂಬಹುದು, ಬೆರೆಯದೆ ಪೂರ್ತಿ ಒಣಗಿರಲೂಬಹುದು, ಮತ್ತು ಎರಡೂ ಸಂದರ್ಭಗಳಲ್ಲಿ ಥರ್ಮಾಮೀಟರು ಅದೇ ಮೈನಸ್ 10 ತೋರಿಸುತ್ತದೆ. ದ್ರವವನ್ನು ಅಮುಕಿ ಕುಗ್ಗಿಸಲಾಗದ ಕಾರಣ, ಆ ಹನಿಗಳು ಹೆಚ್ಚಾಗಿ ಕಂಪ್ರೆಸರ್ ಹೊಕ್ಕರೆ ವಾಲ್ವುಗಳು ಮುರಿಯುತ್ತವೆ. ಕೆಲವು ಡಿಗ್ರಿ ಹೆಚ್ಚಿಗೆ ಇರಲೇಬೇಕೆಂದು ಕೈಪಿಡಿ ಒತ್ತಿ ಹೇಳುವುದೇ ಇದಕ್ಕಾಗಿ. ಹೀಗಾಗಿ ‘ಒಣ’ ಎಂಬುದನ್ನು ಸೂಪರ್‌ಹೀಟೆಡ್ ಆವಿಗೆ ಮಾತ್ರ ಮೀಸಲಿಡಲು ಬರುವುದಿಲ್ಲ.

ಸದ್ಯ ‘ಕುದಿಮಟ್ಟದ ಆವಿ’, ‘ಕುದಿಮಟ್ಟ ಮೀರಿದ ಆವಿ’ ಎಂದು ಬರೆದು, ಹೆಚ್ಚಿನ ಡಿಗ್ರಿಗಳಿಗೆ ‘ಮೀರಿಕೆ’ ಎಂದಿದ್ದೇನೆ: “ಮೀರಿಕೆ 6 ಡಿಗ್ರಿ ಇದೆ.” ನುಣುಪಾದ ಪಾತ್ರೆಯಲ್ಲಿ ಕುದಿಯದೆಯೇ ಕುದಿಬಿಂದುವನ್ನು ದಾಟುವ ನೀರನ್ನೂ ಸೂಪರ್‌ಹೀಟೆಡ್ ಎನ್ನುತ್ತಾರಷ್ಟೆ, ‘ಕುದಿಮಟ್ಟ ಮೀರಿದ ನೀರು’ ಎಂದರೆ ಅಲ್ಲಿಯೂ ಅರ್ಥ ಕೆಡುವುದಿಲ್ಲ. ಆದರೆ ಯಂತ್ರದ ಬಳಿ ಕೇಳಿಬರುವ ಮಾತು “ಸೂಪರ್‌ಹೀಟ್ ಎಷ್ಟೈತಿ?” ಎಂಬುದೇ. ಆ ಪದವನ್ನೇ ಉಳಿಸಿ, ‘ಮೀರಿಕೆ’ಯನ್ನು ವಿವರಣೆಯಾಗಿ ಮಾತ್ರ ಕೊಡುವುದು ಲೇಸೇ? ಸೂಪರ್‌ಹೀಟರ್ ಇದ್ದ ಉಗಿ ಎಂಜಿನ್ನುಗಳ ಕಾಲದಲ್ಲಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದ ಹಿರಿಯರ ಬಾಯಲ್ಲಿ ಇದಕ್ಕೆ ಬೇರೊಂದು ಮಾತಿದ್ದುದನ್ನು ಯಾರಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿರಿ.