ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲೆ ಮಾಡುವ ತಾತ್ಕಾಲಿಕ ಸಂಶೋಧನಾ ಕೆಲಸ) ಹುಡುಕುವುದು ಯಾವಾಗ, ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ಕೋಶ ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಥೀಸಿಸ್ ಕೊಡಲು ಎಂಟು ತಿಂಗಳಿದೆ. ಎರಡು ಪೇಪರ್ ಬಂದಿವೆ. ಅಲ್ಲಿ ಇಲ್ಲಿ ಹದಿನೈದು ಮೇಲ್ ಕಳಿಸಿದೆ, ಒಂದಕ್ಕೂ ಉತ್ತರವಿಲ್ಲ. ಈಗಲೇ ಹುಡುಕಲು ಹೊರಟಿದ್ದು ಬೇಗವಾಯಿತಾ?

ಜೀವಶಾಸ್ತ್ರದವರೊಬ್ಬರು: ಬೇಗ ಅಲ್ಲ, ಸ್ವಲ್ಪ ತಡವೇ. ನಾನೂ ಒಂದೇ ಮೇಲನ್ನು ನಲವತ್ತು ಜನರಿಗೆ ಕಳಿಸಿದ್ದೆ. ‘ಗೌರವಾನ್ವಿತ ಪ್ರೊಫೆಸರ್’ ಅಂತ ಶುರು, ಅವರ ಹೆಸರೂ ಇಲ್ಲ. ಬಂದದ್ದು ಎರಡೇ ಉತ್ತರ, ಎರಡರಲ್ಲೂ ‘ಸದ್ಯಕ್ಕೆ ಹಣ ಇಲ್ಲ’. ಆಮೇಲೆ ಆರೇ ಲ್ಯಾಬ್ ಆರಿಸಿಕೊಂಡೆ. ಅವರ ಈಚಿನ ಪೇಪರ್‌ಗಳನ್ನು ಕೂತು ಓದಿದೆ. ಅವರು ಮುಂದೆ ಮಾಡಬೇಕಾದ ಒಂದು ಪ್ರಯೋಗ ಯಾವುದು, ಅದಕ್ಕೆ ಬೇಕಾದ ಯಾವ ಕೆಲಸ ನನಗೆ ಬರುತ್ತದೆ ಅಂತ ನಾಲ್ಕು ಸಾಲು ಬರೆದೆ, ಅಷ್ಟೇ. ಮೂವರು ಮಾತಾಡೋಣ ಅಂದರು. ಕೊನೆಗೆ ಸಿಕ್ಕ ಕೆಲಸಕ್ಕೆ ಜಾಹೀರಾತೇ ಇರಲಿಲ್ಲ!

ರಸಾಯನಶಾಸ್ತ್ರದವರು: ‘ಹಣ ಇಲ್ಲ’ ಅಂದರೆ ಮಾತು ಮುಗಿಯಿತು ಅಂತಲ್ಲ. ‘ಹಾಗಾದರೆ ಫೆಲೋಶಿಪ್‌ಗೆ ಅರ್ಜಿ ಹಾಕಲಾ, ನಿಮ್ಮ ಒಪ್ಪಿಗೆ ಇದೆಯಾ’ ಅಂತ ಕೇಳಿ. ಫೆಲೋಶಿಪ್ ಅಂದರೆ ನಿಮ್ಮ ಸಂಬಳದ ಹಣ ಹೊರಗಿನ ಸಂಸ್ಥೆಯಿಂದ ಬರುತ್ತದೆ. ನನಗೆ ದಾರಿಯಾದದ್ದೇ ಹಾಗೆ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ಅರ್ಜಿ ಹಾಕುವ ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಫಲಿತಾಂಶಕ್ಕೆ ಸುಮಾರು ಐದು ತಿಂಗಳು ಕಾಯಬೇಕು. ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ನನ್ನ ಜೊತೆಯವನೊಬ್ಬ ಈ ನಿಯಮ ಓದದೆ ಎರಡು ತಿಂಗಳು ಸುಮ್ನೆ ಪ್ರಪೋಸಲ್ ಬರೆದ, ಪಾಪ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್ಪನ್ನೂ ನೋಡಿ. ನಿಮ್ಮ ವಿಷಯಕ್ಕೆ ಎಂಬೋ (ಯುರೋಪಿನ ಜೀವಶಾಸ್ತ್ರ ಸಂಸ್ಥೆ) ಕೊಡುವ ಫೆಲೋಶಿಪ್ ಕೂಡ ಇದೆ. ಪಿಎಚ್‌ಡಿ ಬಂದು ಎರಡು ವರ್ಷ ದಾಟಿರಬಾರದು, ದೇಶವೂ ಬದಲಾಗಬೇಕು.

ಖಗೋಳದವರು: ನಮ್ಮಲ್ಲಿ ಸುಗ್ಗಿ ಇದ್ದ ಹಾಗೆ. ಹೆಚ್ಚಿನ ಅರ್ಜಿಗಳು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ. ಅಮೆರಿಕನ್ ಆಸ್ಟ್ರೊನಾಮಿಕಲ್ ಸೊಸೈಟಿಯ ಜಾಬ್ ರಿಜಿಸ್ಟರ್ (ಕೆಲಸಗಳ ಆನ್‌ಲೈನ್ ಪಟ್ಟಿ) ನೋಡಿದರೆ ಬಹುಪಾಲು ಸಿಗುತ್ತದೆ. ಗಣಿತದವರಿಗೆ ಅಂಥದೇ ವೆಬ್‌ಸೈಟ್ ಮ್ಯಾತ್‌ಜಾಬ್ಸ್. ಜೀವಶಾಸ್ತ್ರಕ್ಕೆ ಇಂಥ ಕಾಲ ಇಲ್ಲ, ಲ್ಯಾಬ್‌ಗೆ ಗ್ರಾಂಟ್ (ಸಂಶೋಧನೆಗೆ ಕೊಡುವ ಹಣ) ಬಂದಾಗ ಕೆಲಸ. ಅದಕ್ಕೇ ಮೊದಲ ಉತ್ತರದವರು ಹೇಳಿದ ಹಾಗೆ ನೀವೇ ಬರೆಯಬೇಕು.

ಇನ್ನೊಬ್ಬರು: ಎಲ್ಲರೂ ಕೆಲಸ ಸಿಗುವುದರ ಬಗ್ಗೆ ಹೇಳಿದ್ದೀರಿ. ನಾನು ಆಫರ್ ಬಂದ ಖುಷಿಯಲ್ಲಿ ಏನೂ ಕೇಳಲಿಲ್ಲ. ಗ್ರಾಂಟ್‌ನಲ್ಲಿ ಇನ್ನೆಷ್ಟು ತಿಂಗಳ ಹಣ ಉಳಿದಿದೆ ಅಂತಾದರೂ ಕೇಳಬೇಕಿತ್ತು. ಪ್ರತಿ ವರ್ಷ ಮುಂದುವರಿಸುತ್ತೇವೆ ಅಂದಿದ್ದರು. ಹತ್ತನೇ ತಿಂಗಳಿಗೆ ಹಣ ಮುಗಿಯಿತು. ಆ ಲ್ಯಾಬ್ ಬಿಟ್ಟುಹೋದ ಇಬ್ಬರ ಹತ್ತಿರ ಮಾತಾಡಿ. ಈಗ ಇರುವವರು ಬಾಸ್ ಬಗ್ಗೆ ಬಾಯಿಬಿಡುವುದಿಲ್ಲ, ಅಲ್ವಾ? ಕೆಲಸ ಬಿಡುವಾಗ ನಿಮ್ಮ ಪ್ರಾಜೆಕ್ಟ್ ಜೊತೆಗೆ ಒಯ್ಯಬಹುದಾ ಅನ್ನುವುದನ್ನೂ ಮೊದಲೇ ಕೇಳಿಬಿಡಿ. ಆಮೇಲೆ ಕೇಳುವುದು ಮುಜುಗರ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನನ್ನ ಹಳೆಯ ಮೇಲ್ ತೆಗೆದು ನೋಡಿದೆ. ‘ಗೌರವಾನ್ವಿತ ಪ್ರೊಫೆಸರ್’ ಅಂತಲೇ ಶುರುವಾಗಿದೆ.