8 ವರ್ಷ ನಿಂತಿದ್ದ ಮಿಲಿಟರಿ ಟ್ರಕ್ ಹತ್ತು ನಿಮಿಷ ಓಡಿ ಆಫ್ ಆಗ್ತಿದೆ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಒಂದು ಎಂ35ಎ2, ಅಂದರೆ ಅಮೆರಿಕದ ಸೇನೆಯ ಹಳೆ ಟ್ರಕ್, ತಗೊಂಡೆ. ಎರಡೂವರೆ ಟನ್ನಿನ ಗಾಡಿ, ಮೂರೂ ಆಕ್ಸಲ್‌ಗೆ ಡ್ರೈವ್, ಎಂಜಿನ್ ಎಲ್‌ಡಿಟಿ-465 ಮಲ್ಟಿಫ್ಯೂಯೆಲ್ (ಡೀಸೆಲ್ ಅಲ್ಲದೆ ಬೇರೆ ಇಂಧನದಲ್ಲೂ ಓಡುವಂಥದ್ದು), ಟರ್ಬೊ ಇದೆ. ಹಿಂದಿನವರು 8 ವರ್ಷ ಶೆಡ್ಡಿನಲ್ಲೇ ನಿಲ್ಲಿಸಿದ್ದರಂತೆ. ಹೊಸ ಡೀಸೆಲ್ ತುಂಬಿಸಿ, ಆಯಿಲ್ ಬದಲಿಸಿದ್ದೇನೆ. ತುಂಬಾ ಹೊತ್ತು ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಗುತ್ತೆ, ಬಿಳಿ ಹೊಗೆ ಬರುತ್ತೆ. ಹತ್ತು ನಿಮಿಷ ಚೆನ್ನಾಗಿ ಓಡಿ, ಸ್ವಲ್ಪ ರೇಸ್ ಕೊಟ್ಟರೆ ಮಿಸ್ ಹೊಡೆದು ಹೊಡೆದು ನಿಂತೇ ಹೋಗುತ್ತೆ. ಹೊರಗೆ ಎಲ್ಲೂ ಒಂದು ಹನಿ ಡೀಸೆಲ್ ಸೋರಿಲ್ಲ. ನೋಡಿದವರೊಬ್ಬರು ಇಂಜೆಕ್ಷನ್ ಪಂಪ್ (ಸಿಲಿಂಡರ್‌ಗಳಿಗೆ ಡೀಸೆಲ್ ಅಳೆದು ಕಳಿಸುವ ಪಂಪ್) ಬಿಚ್ಚಿ ರಿಪೇರಿಗೆ ಕಳಿಸಿ ಅಂದರು. ಬ್ರೇಕ್ ಪೆಡಲ್ ಕೂಡ ಎರಡು ಸಲ ತುಳಿದರೆ ಮಾತ್ರ ಗಟ್ಟಿಯಾಗುತ್ತೆ. ಇಂಥ ಗಾಡಿ ಇಟ್ಟುಕೊಂಡವರು, ಕೆಲಸ ಮಾಡಿದವರು ದಯವಿಟ್ಟು ದಾರಿ ತೋರಿಸಿ.

ಇದೇ ಗಾಡಿ ಇಟ್ಟುಕೊಂಡವರು:

ಸರ್, ಇಂಜೆಕ್ಷನ್ ಪಂಪ್ ಮಾತ್ರ ಈಗಲೇ ಬಿಚ್ಚಬೇಡಿ. ನಾನು ಆ ತಪ್ಪು ಮಾಡಿದವನು. ಬಿಚ್ಚಿ ಕಳಿಸಿ, ಎರಡು ತಿಂಗಳು ಕಾದು, ವಾಪಸ್ ಕೂರಿಸಿ ಟೈಮಿಂಗ್ ಹೊಂದಿಸಿದ ಮೇಲೂ ಗಾಡಿ ಅದೇ ಹತ್ತು ನಿಮಿಷಕ್ಕೆ ನಿಂತಿತ್ತು. ತಪ್ಪು ಇದ್ದದ್ದು ಪಂಪಿನಲ್ಲಲ್ಲ, ಪಂಪಿಗೆ ಡೀಸೆಲ್ ಬರುವ ದಾರಿಯಲ್ಲಿ.

ಈ ಗಾಡಿಗೆ ಟ್ಯಾಂಕಿನೊಳಗೆ ಒಂದು ಕರೆಂಟಿನ ಪಂಪ್ ಇದೆ. ಡ್ಯಾಶ್‌ಬೋರ್ಡಿನ ಸ್ವಿಚ್ ಹಾಕಿದ ಕೂಡಲೇ ಅದು ತಿರುಗಬೇಕು. ಅದು ಸರಿಯಿದ್ದರೆ ಟ್ಯಾಂಕಿನಿಂದ ಮುಂದಕ್ಕೆ ಡೀಸೆಲ್ ಒತ್ತಡದಲ್ಲಿ ಬರುತ್ತೆ, ಎಲ್ಲಾದರೂ ನಟ್ ಸಡಿಲವಿದ್ದರೆ ಹೊರಗೆ ಸೋರುತ್ತೆ. ಅದು ಸತ್ತಿದ್ದರೆ ಎಂಜಿನ್ ಪಕ್ಕದ ಸಪ್ಲೈ ಪಂಪ್ ಒಂದೇ ಅಷ್ಟು ದೂರದಿಂದ ಡೀಸೆಲ್ ಎಳೀಬೇಕು. ಆಗ ಅದೇ ಸಡಿಲ ನಟ್ಟಿನಿಂದ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ಒಂದು ಹನಿಯೂ ಸೋರಿಲ್ಲ ಅಂತ ಬರೆದಿದ್ದೀರಲ್ಲ, ನನಗೆ ಅನುಮಾನ ಬಂದದ್ದೇ ಆ ಮಾತಿನಿಂದ.

ಟ್ಯಾಂಕ್ ಪಂಪ್ ತಿರುಗುತ್ತಿದೆಯಾ ಅಂತ ಕಿವಿಯಿಂದ ತಿಳಿಯೋದು ಕಷ್ಟ. ಬ್ರೇಕಿನ ಏರ್ ಟ್ಯಾಂಕಿನಲ್ಲಿ ಗಾಳಿ ಇಲ್ಲದಿರುವಾಗ ಸ್ವಿಚ್ ಹಾಕಿದರೆ ಎಚ್ಚರಿಕೆಯ ಬಜರ್ ಕಿರುಚಿಕೊಳ್ಳುತ್ತೆ, ಬೇರೆ ಏನೂ ಕೇಳಿಸಲ್ಲ. ಒಬ್ಬರು ಸ್ವಿಚ್ ಹಾಕಲಿ, ನೀವು ಟ್ಯಾಂಕಿನ ಮೇಲೆ ಅಂಗೈ ಇಡಿ. ಸಣ್ಣ ನಡುಕ ಸಿಗಬೇಕು. ಆಮೇಲೆ ಫಿಲ್ಟರ್ ತಳದ ಡ್ರೈನ್ ಕಾಕ್ ತಿರುಗಿಸಿ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ, ಧಾರೆ ಬಲವಾಗಿ ಬರಬೇಕು. ಬಾಟಲಿಯನ್ನು ಅರ್ಧ ಗಂಟೆ ಅಲುಗಾಡಿಸದೆ ಇಟ್ಟರೆ ನೀರು ಕೆಳಗೆ ಇಳಿಯುತ್ತೆ. ನೀರಿಗೂ ಡೀಸೆಲ್‌ಗೂ ನಡುವೆ ಕಪ್ಪು ಲೋಳೆ ಕಂಡರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿ ಬೆಳೆದಿದೆ ಅಂತ ಅರ್ಥ. ಹಾಗಿದ್ದರೆ ಔಷಧಿ ಹಾಕಿ ಸುಮ್ಮನಾಗಬೇಡಿ, ಸತ್ತ ಲೋಳೆಯೆಲ್ಲ ಫಿಲ್ಟರಿಗೇ ಬಂದು ಕೂರುತ್ತೆ. ಟ್ಯಾಂಕ್ ಇಳಿಸಿ ತೊಳೆಯಿರಿ.

ಇನ್ನೊಂದು ಪರೀಕ್ಷೆ ಇದೆ, ನನಗೆ ಉತ್ತರ ಸಿಕ್ಕಿದ್ದು ಅದರಿಂದಲೇ. ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಎಂಜಿನ್‌ಗಿಂತ ಎತ್ತರದಲ್ಲಿ ಭದ್ರವಾಗಿ ಇಟ್ಟು, ಅಲ್ಲಿಂದ ಪಾರದರ್ಶಕ ಪೈಪಿನಲ್ಲಿ ನೇರ ಮೊದಲ ಫಿಲ್ಟರಿಗೆ ಕೊಡಿ. ಬಿಸಿ ಸೈಲೆನ್ಸರ್ ಹತ್ತಿರ ಬೇಡ. ಹೀಗೆ ಎಂಜಿನ್ ಅರ್ಧ ಗಂಟೆ ಓಡಿದರೆ ಇಂಜೆಕ್ಷನ್ ಪಂಪ್, ನಾಜಲ್‌ಗಳ ಮೇಲಿನ ಅನುಮಾನ ಬಹುಪಾಲು ಹೋಯಿತು. ನನ್ನದು ಓಡಿತು. ಮತ್ತೆ ಟ್ಯಾಂಕಿನ ಲೈನಿಗೆ ಜೋಡಿಸಿದರೆ ಅದೇ ಪಾರದರ್ಶಕ ಪೈಪಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರತೊಡಗಿದವು. ಚಾಸಿಸ್ಸಿನ ಹತ್ತಿರದ ರಬ್ಬರ್ ಪೈಪನ್ನು ಬಿಚ್ಚಿ ಸೀಳಿ ನೋಡಿದೆ. ಮೇಲ್ಮೈ ಹೊಸದರಂತೆ ಇತ್ತು, ಒಳಗಿನ ಪದರ ಮಾತ್ರ ಹಾವಿನ ಪೊರೆಯಂತೆ ಕಿತ್ತು ಜೋತು ಬಿದ್ದಿತ್ತು. ಐಡಲಿನಲ್ಲಿ ಸುಮ್ಮನಿರುತ್ತಿತ್ತು, ರೇಸ್ ಕೊಟ್ಟಾಗ ಹರಿವು ಹೆಚ್ಚಾಗಿ ಆ ಪೊರೆಯೇ ದಾರಿ ಮುಚ್ಚುತ್ತಿತ್ತು. ನಿಮ್ಮ ಪೈಪುಗಳಿಗೂ ಅಷ್ಟೇ ವಯಸ್ಸು. ಒಂದನ್ನೂ ಉಳಿಸಬೇಡಿ, ಎಲ್ಲವನ್ನೂ ಬದಲಿಸಿ, ತಾಮ್ರದ ವಾಷರ್‌ಗಳನ್ನೂ ಹೊಸದು ಹಾಕಿ.

ಟ್ಯಾಂಕಿನ ಮುಚ್ಚಳದ ಗಾಳಿ ತೂತನ್ನೂ ನೋಡಿ. ಗಾಡಿ ನಿಂತ ಕೂಡಲೇ ಮುಚ್ಚಳ ತೆಗೆದಾಗ ಬುಸ್ ಅಂತ ಗಾಳಿ ಒಳಗೆ ನುಗ್ಗಿದರೆ ತೂತು ಕಟ್ಟಿದೆ.

ವೈರಿಂಗ್ ಕೆಲಸದವರು:

ಬಿಳಿ ಹೊಗೆ ಅಂದರೆ ಉರಿಯದ ಡೀಸೆಲ್. ಎಂಜಿನ್ ನಿಧಾನ ತಿರುಗಿದರೆ ಒಳಗಿನ ಗಾಳಿ ಸಾಕಷ್ಟು ಕಾಯಲ್ಲ, ಡೀಸೆಲ್ ಹೊತ್ತಿಕೊಳ್ಳಲ್ಲ. ಹಾಗಾಗಿ ಬ್ಯಾಟರಿ ಕಡೆಯೂ ನೋಡಿ. 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ಆಗೋದು, ಒಟ್ಟಿಗೆ ಅಳೆದರೆ ಮೋಸ ಹೋಗ್ತೀರಿ. ಒಂದೊಂದನ್ನೇ ಅಳೆಯಿರಿ, ತುಂಬಿದ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ರೇಡಿಯೊಗೋ ದೀಪಕ್ಕೋ ಯಾರಾದರೂ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದರೆ ಮೊದಲು ಅದನ್ನು ಕಿತ್ತು ಹಾಕಿ. ಒಂದು ಬ್ಯಾಟರಿ ಸೊರಗುತ್ತೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಕುದಿಯುತ್ತೆ.

ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರಿನ ದಪ್ಪ ಬೋಲ್ಟಿಗೆ ಇಟ್ಟು ಸೆಲ್ಫ್ ಹೊಡೆಸಿ. ಒಂದು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕೇಬಲ್ಲೋ ಅದರ ಲಗ್ಗೋ ಕೆಟ್ಟಿದೆ. ಅರ್ತ್ ಕಡೆಯೂ ಹಾಗೇ ನೋಡಿ. ಟ್ಯಾಂಕ್ ಪಂಪ್ ಸತ್ತಿದೆ ಅನ್ನುವ ಮೊದಲು ಅದರ ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು ಇದೆಯಾ ನೋಡಿ.

ಈಥರ್ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡೋದು ಖಂಡಿತ ಬೇಡ. ಈ ಎಂಜಿನ್‌ಗೆ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಬೆಂಕಿ ಹೊತ್ತಿಸಿ ಗಾಳಿ ಕಾಯಿಸುವ ಹೀಟರ್ ಇರುತ್ತೆ. ಎರಡೂ ಸೇರಿದರೆ ಅಲ್ಲೇ ಸ್ಫೋಟ.

ಸೇನೆಯ ವರ್ಕ್‌ಶಾಪಿನಲ್ಲಿದ್ದವರು:

ಶಕ್ತಿಮಾನ್ ಲಾರಿಗಳ ಮೇಲೆ ಕೈ ಪಳಗಿಸಿಕೊಂಡವನು ನಾನು, ಆಮೇಲೆ ಎಂ35 ಎರಡು ಗಾಡಿಗಳ ಬ್ರೇಕ್ ಪೂರ್ತಿ ಬಿಚ್ಚಿ ಕಟ್ಟಿದ್ದೇನೆ. ಎಲ್ಲರೂ ಎಂಜಿನ್ ಬಗ್ಗೆ ಬರೀತಿದ್ದೀರಿ. ಈ ಗಾಡಿ ಓಡದಿದ್ದರೆ ಯಾರಿಗೂ ಏನೂ ಆಗಲ್ಲ, ನಿಲ್ಲದಿದ್ದರೆ ಆಗುತ್ತೆ.

ಮೊದಲು ಎಂಜಿನ್ ನಿಲ್ಲಿಸುವ ವಿಷಯ. ಸ್ವಿಚ್ ಆಫ್ ಮಾಡಿದರೆ ಇದು ನಿಲ್ಲಲ್ಲ, ಸ್ಟಾಪ್ ಗುಬುಟು ಎಳೀಬೇಕು. ಅದರ ಕೇಬಲ್ ತುಕ್ಕು ಹಿಡಿದಿದ್ದರೆ ಎಂಜಿನ್ ನಿಲ್ಲಿಸಲಾಗಲ್ಲ, ವರ್ಷಗಟ್ಟಲೆ ನಿಂತು ಇಂಜೆಕ್ಷನ್ ಪಂಪಿನೊಳಗೆ ಡೀಸೆಲ್ ಅಳೆದು ಬಿಡುವ ಭಾಗ ಅಂಟಿಕೊಂಡಿದ್ದರೆ ಎಂಜಿನ್ ವೇಗ ಕೈ ಮೀರಿ ಏರುತ್ತೆ. ಗಾಳಿ ಒಳಗೆ ಹೋಗುವ ಬಾಯಿ ಮುಚ್ಚುವಷ್ಟು ಅಗಲದ ದಪ್ಪ ಹಲಗೆಯೊಂದನ್ನು ಪಕ್ಕದಲ್ಲೇ ಇಟ್ಟುಕೊಂಡು ಸ್ಟಾರ್ಟ್ ಮಾಡಿ. ಅಂಗೈಯಿಂದಾಗಲಿ ಬಟ್ಟೆಯಿಂದಾಗಲಿ ಮುಚ್ಚಲು ಹೋಗಬೇಡಿ.

ಇನ್ನು ಬ್ರೇಕ್. ಇದು ಏರ್ ಬ್ರೇಕ್ ಅಲ್ಲ. ಚಕ್ರಗಳಿಗೆ ಹೋಗೋದು ಬ್ರೇಕ್ ಆಯಿಲ್, ಗಾಳಿ ಬರೀ ಪೆಡಲಿನ ಒತ್ತಡ ಹೆಚ್ಚಿಸುವ ಬೂಸ್ಟರಿಗೆ. ಆರೂ ಚಕ್ರಗಳ ಆಯಿಲ್ ಲೈನಿಗೆ ಇರೋದು ಒಂದೇ ಸರ್ಕ್ಯೂಟ್, ಒಂದು ವೀಲ್ ಸಿಲಿಂಡರ್ ಒಡೆದರೆ ಆರಕ್ಕೂ ಬ್ರೇಕ್ ಹೋಯಿತು. ಆಮೇಲೆ ಉಳಿಯೋದು ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಶಕ್ತಿಯನ್ನು ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಹಿಂದಿನ ಡ್ರಮ್ ಹಿಡಿಯುವ ಹ್ಯಾಂಡ್ ಬ್ರೇಕ್ ಮಾತ್ರ. ಅದನ್ನು ಇವತ್ತೇ ಸರಿ ಮಾಡಿ.

ಎರಡು ಸಲ ತುಳಿದರೆ ಗಟ್ಟಿ ಆಗೋದಕ್ಕೆ ಸಾಮಾನ್ಯವಾಗಿ ಎರಡು ಕಾರಣ: ಲೈನಿನಲ್ಲಿ ಗಾಳಿ, ಇಲ್ಲವೇ ಶೂ ಡ್ರಮ್ಮಿನಿಂದ ದೂರ ಉಳಿದಿರೋದು. ಇದರ ಶೂ ತಾನಾಗಿ ಅಡ್ಜಸ್ಟ್ ಆಗಲ್ಲ, ಕೈಯಿಂದಲೇ ಮಾಡಬೇಕು. ಗಟ್ಟಿಯಾದ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗೆ ಇಳಿದರೆ ಅಡ್ಜಸ್ಟ್‌ಮೆಂಟ್ ಮಾತಲ್ಲ, ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಪ್ರತಿ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಸರಿಸಿ ಬೆರಳು ಹಾಕಿ, ಒಳಗೆ ಒದ್ದೆ ಇದ್ದರೆ ಹೊಸದು ಹಾಕಿ. ಎಲ್ಲವೂ ಒಣಗಿದ್ದು ಆಯಿಲ್ ಮಾತ್ರ ಕಡಿಮೆಯಾಗ್ತಿದ್ದರೆ ಬೂಸ್ಟರಿನ ಗಾಳಿ ಕಡೆಗೆ ಹೋಗ್ತಿದೆ ಅಂತ ತಿಳಿಯಿರಿ.

ಆಯಿಲ್ ಯಾವುದಿದೆ ಅಂತ ತಿಳಿಯದೆ ತುಂಬಿಸಬೇಡಿ. ಅಮೆರಿಕದ ಸೇನೆ ಇವಕ್ಕೆ ಸಿಲಿಕೋನ್, ಅಂದರೆ ಡಾಟ್ 5 ಹಾಕುತ್ತಿತ್ತು. ಅದು ಸಾಮಾನ್ಯ ಗಾಡಿಗಳಿಗೆ ಹಾಕುವ ಡಾಟ್ 3, ಡಾಟ್ 4ರ ಜೊತೆ ಬೆರೆಯಲ್ಲ.

ಟಯರ್ ಕೆಲಸಕ್ಕೂ ಒಂದು ಮಾತು. ಲಾಕ್ ರಿಂಗ್ (ಟಯರನ್ನು ರಿಮ್ಮಿನಲ್ಲಿ ಹಿಡಿದಿಡುವ ಬಿಚ್ಚಬಹುದಾದ ಉಕ್ಕಿನ ಬಳೆ) ಇರುವ ಚಕ್ರವಾದರೆ, ಬಿಚ್ಚುವ ಮೊದಲೇ ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ತುಂಬಿಸುವಾಗ ಕಬ್ಬಿಣದ ಪಂಜರದೊಳಗೆ ಇಟ್ಟು, ಉದ್ದ ಪೈಪಿನಿಂದ, ಪಕ್ಕದಲ್ಲಿ ನಿಂತು ತುಂಬಿಸಿ. ರಿಂಗ್ ಹಾರಿದರೆ ಎದುರಿಗಿದ್ದವರು ಉಳಿಯಲ್ಲ. ನಾನು ಹಾರಿದ್ದನ್ನು ಕಂಡಿದ್ದೇನೆ, ಅದೃಷ್ಟಕ್ಕೆ ಆವತ್ತು ಎದುರಿಗೆ ಗೋಡೆ ಮಾತ್ರ ಇತ್ತು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಹಲಗೆ ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡಿದೆ. ಟ್ಯಾಂಕಿನ ಮೇಲೆ ಕೈ ಇಟ್ಟರೆ ನಡುಕವೇ ಇಲ್ಲ. ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಪುಡಿ. ಉಜ್ಜಿ ಮತ್ತೆ ಹಾಕಿದ ಮೇಲೆ ಪಂಪ್ ತಿರುಗಿತು, ಕೂಡಲೇ ಮೊದಲ ಫಿಲ್ಟರಿನ ನಟ್ಟಿನಲ್ಲಿ ಡೀಸೆಲ್ ಜಿನುಗತೊಡಗಿತು! ಇಷ್ಟು ದಿನ ಗಾಳಿ ಹೋಗುತ್ತಿದ್ದ ಜಾಗ ಅದೇ. ವಾಷರ್ ಬದಲಿಸಿದೆ, ನಿನ್ನೆ 40 ನಿಮಿಷ ಓಡಿತು, ರೇಸಿಗೂ ನಿಲ್ಲಲಿಲ್ಲ. ರಬ್ಬರ್ ಪೈಪ್‌ಗಳನ್ನು ಈ ವಾರ ಬದಲಿಸ್ತೇನೆ. ಬ್ರೇಕ್‌ನಲ್ಲಿ ಹಿಂದಿನ ಬಲ ಚಕ್ರದ ಸಿಲಿಂಡರ್ ಒದ್ದೆ ಇತ್ತು. ಅದು ಆಗುವವರೆಗೆ ಗಾಡಿ ಶೆಡ್ಡಿನಿಂದ ಆಚೆ ಹೋಗಲ್ಲ.

ಇದೇ ಗಾಡಿ ಇಟ್ಟುಕೊಂಡವರು:

ಓದಿ ತುಂಬಾ ಸಂತೋಷವಾಯಿತು ಸರ್. ಒಂದು ಬಾಕಿ ಇದೆ. ಈ ಎಂಜಿನ್‌ನಲ್ಲಿ ಇಂಜೆಕ್ಷನ್ ಪಂಪಿನ ಸೀಲ್ ಸವೆದಿದ್ದರೆ ಡೀಸೆಲ್ ಸದ್ದಿಲ್ಲದೆ ಎಂಜಿನ್ ಆಯಿಲ್‌ಗೆ ಇಳಿಯುತ್ತೆ. ನೀವು ಹೊಸ ಆಯಿಲ್ ಹಾಕಿದ ದಿನ ಕಡ್ಡಿಯಲ್ಲಿ ಎಲ್ಲಿತ್ತೋ ಆ ಮಟ್ಟಕ್ಕೆ ಗುರುತು ಮಾಡಿಕೊಳ್ಳಿ. 40 ನಿಮಿಷ ಓಡಿದ ಮೇಲೆ ಕಡಿಮೆಯಾಗುವ ಬದಲು ಏರಿದ್ದರೆ, ಮೂಸಿ ನೋಡಿದಾಗ ಡೀಸೆಲ್ ವಾಸನೆ ಹೊಡೆದರೆ, ಮತ್ತೆ ಸ್ಟಾರ್ಟ್ ಮಾಡಬೇಡಿ, ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಹೋಗುತ್ತೆ. ಗಾಡಿ ತಣ್ಣಗಿರುವಾಗ, ನಾಳೆ ಬೆಳಿಗ್ಗೆ ಕಡ್ಡಿ ಎಳೆದು ನೋಡಿ ಬರೆಯಿರಿ, ಕಾಯ್ತಿರ್ತೇನೆ.