ಅಪ್‌ಡೇಟ್: ಪದಕ ಇಲ್ಲದೆಯೇ ಎಂಐಟಿಗೆ ಅರ್ಜಿ ಹಾಕಿದೆ

ನಾನು ಶಿರಸಿಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದೇನೆ. ಗಣಿತ, ವಿಜ್ಞಾನದ ಒಲಿಂಪಿಯಾಡ್ ಸ್ಪರ್ಧೆಗಳ ಪದಕ ಇಲ್ಲದೆ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಗೆ ಅರ್ಜಿ ಹಾಕಿದರೆ ಯಾರಾದರೂ ಗಮನಿಸುತ್ತಾರಾ ಅಂತ ಜೂನ್‌ನಲ್ಲಿ ಇಲ್ಲಿ ಕೇಳಿದ್ದೆ. ಸುಮ್ನೆ ಸರ್ಟಿಫಿಕೇಟ್ ಗುಡ್ಡೆ ಹಾಕಬೇಡ, ಮನೆಯಲ್ಲಿ ಮಾಡಿದ್ದನ್ನೇ ಬರೆ ಅಂದಿದ್ದಿರಿ. ಹಾಗೇ ಮಾಡಿದೆ.

ಚಾಲಿ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕುವ ಹಣ್ಣಡಿಕೆ, ಅಂಗಳದಲ್ಲಿ ಒಣಗಲು ತಿಂಗಳಿಗೂ ಜಾಸ್ತಿ ಬೇಕು. ನಡುವೆ ಮಳೆ ಬಿದ್ದರೆ ಬೂಸ್ಟು ಹಿಡಿಯುತ್ತದೆ. ಅದಕ್ಕೇ ಕಳೆದ ಚಳಿಗಾಲದಲ್ಲಿ ಮಳೆ ಸೆನ್ಸರ್ ಇಟ್ಟು ಅಲಾರಂ ಮಾಡಿದ್ದೆ. ಮೊದಲ ವಾರ ಅದು ಇಬ್ಬನಿಗೇ ಹೊಡೆದುಕೊಂಡು, ಬೆಳಗಿನ ಜಾವ ಅಜ್ಜಿಯನ್ನು ಎಬ್ಬಿಸಿತು. ಇಬ್ಬನಿ ನಿಧಾನವಾಗಿ ಒದ್ದೆ ಮಾಡುತ್ತದೆ, ಮಳೆ ಒಮ್ಮೆಲೇ ಅಲ್ವಾ? ಆ ವ್ಯತ್ಯಾಸವನ್ನು ಕೋಡ್‌ಗೆ ಸೇರಿಸಿದ ಮೇಲೆ ಸರಿಯಾಯಿತು. ಅರ್ಜಿಯ ಪ್ರಬಂಧದಲ್ಲಿ ಆ ತಪ್ಪಿನ ಬಗ್ಗೆಯೇ ಬರೆದೆ. ನಾವೇ ಮಾಡಿದ ವಸ್ತುಗಳನ್ನು ಅರ್ಜಿ ಜೊತೆ ತೋರಿಸುವ ಮೇಕರ್ ಪೋರ್ಟ್‌ಫೋಲಿಯೋಗೆ ವಿಡಿಯೋ ಕಳಿಸಿದೆ.

2022ರಲ್ಲಿ ಎಂಐಟಿಯವರು ಎಸ್‌ಎಟಿ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ಮತ್ತೆ ಕಡ್ಡಾಯ ಮಾಡಿದ್ದರಿಂದ ಎಸ್‌ಎಟಿಯನ್ನೂ ಬರೆದೆ. ಅಪ್ಪನಿಗೆ ದುಡ್ಡಿನ ಚಿಂತೆ. ಹಣದ ನೆರವು ಕೇಳಿದರೆ ಆಯ್ಕೆಗೆ ಅಡ್ಡಿಯಿಲ್ಲ, ವಿದೇಶಿ ವಿದ್ಯಾರ್ಥಿಗಳಿಗೂ ಅದೇ ನಿಯಮ ಅಂತ ತೋರಿಸಿದ ಮೇಲೆ ಒಪ್ಪಿದರು. ಜೆಇಇ ಓದೂ ನಡೆದಿದೆ.

ಫಲಿತಾಂಶ ಮಾರ್ಚ್‌ನಲ್ಲಿ. ಬಂದ ಕೂಡಲೇ ತಿಳಿಸುತ್ತೇನೆ.